ತಾಯಿಗೆ ಥ್ಯಾಂಕ್ಸ್ ಹೇಳುವ ಮಗ

ತಾಯಿಯೊಬ್ಬಳ ಎದುರಿಗೆ ಅವಳ ಮಗನನ್ನು ಹೊಗಳಿದರೆ ಏನಾಗಬೇಕು?

ಅವಳ ಮುಖ ಅರಳಬೇಕು. ‘ಅಯ್ಯೋ, ಮನೆಯಲ್ಲಿ ನೋಡಬೇಕು ಇವನ ಅವತಾರ’ ಎಂದು ಸುಳ್ಳುಸುಳ್ಳೇ ದೂರಬೇಕು. ಹೊಗಳಿದವರಿಗೆ ಇನ್ನೊಂದು ಕಪ್ ಚಹಾ ಬರಬೇಕು.

ನಾನೂ ಹೊಗಳಿದೆ. ಅವಳು ಎದ್ದು ಅಡುಗೆಮನೆಗೆ ಹೋದಳು. ನಲ್ಲಿ ತಿರುಗಿಸಿದ ಸದ್ದು ಕೇಳಿಸಿತು. ನೀರು ಹರಿಯುತ್ತಲೇ ಇತ್ತು, ಅವಳು ಬರಲೇ ಇಲ್ಲ. ಹೋಗಿ ನೋಡಿದರೆ ಸಿಂಕ್‌ನಲ್ಲಿ ತೊಳೆಯಲು ಒಂದು ಚಮಚವೂ ಇಲ್ಲ. ಸುಮ್ಮನೆ ನೀರು ಬಿಟ್ಟುಕೊಂಡು, ಬಾಗಿಲಿಗೆ ಬೆನ್ನು ಮಾಡಿ ನಿಂತು ಅಳುತ್ತಿದ್ದಾಳೆ.

ನಾನು ಹೇಳಿದ್ದಾದರೂ ಏನು? ‘ಎಂಥ ಒಳ್ಳೆಯ ಹುಡುಗನೇ, ಫಾಂಗ್! ನೀನು ಏನು ಕೊಟ್ಟರೂ ಥ್ಯಾಂಕ್ಯೂ ಅಂತಾನೆ!’ ಅಷ್ಟೇ. ಇದರಲ್ಲಿ ಅಳುವಂಥದ್ದು ಏನಿದೆ, ನೀವೇ ಹೇಳಿ.

ಫಾಂಗ್ ನಮ್ಮ ಎದುರು ಫ್ಲ್ಯಾಟಿನವಳು. ಊರು ಉತ್ತರ ಚೀನಾದಲ್ಲಿ ಎಲ್ಲೋ ಇದೆ. ಅದರ ಹೆಸರು ನನ್ನ ನಾಲಿಗೆಗೆ ಇನ್ನೂ ಬಂದಿಲ್ಲ. ಇಲ್ಲಿ ಮಸ್ಕತ್‌ನ ಖುರುಮ್‌ನಲ್ಲಿರುವ ಚೀನೀ ಕಂಪನಿಯ ಆಫೀಸೊಂದರಲ್ಲಿ ಪರ್ಚೇಸ್ ವಿಭಾಗ ನೋಡಿಕೊಳ್ಳುತ್ತಾಳೆ. ಗಂಡ ಮಸ್ಕತ್‌ನಿಂದ ಬಹಳ ದೂರದ ಬಂದರಿನ ಸೈಟಿನಲ್ಲಿ ಇಂಜಿನಿಯರ್. ತಿಂಗಳಿಗೊಮ್ಮೆ ಬಂದು, ಬಟ್ಟೆ ಒಗೆಯಲು ಹಾಕಿ, ನಿದ್ದೆ ಮಾಡಿ, ಒಗೆದ ಬಟ್ಟೆ ತೆಗೆದುಕೊಂಡು ಹೋಗುವ ಮನುಷ್ಯ. (ಇದು ಅವಳು ಕೊಟ್ಟ ವಿವರಣೆ. ನನ್ನ ಮೇಲೆ ಹಾಕಬೇಡಿ.)

ನಮ್ಮಿಬ್ಬರನ್ನು ಹತ್ತಿರ ತಂದದ್ದು ಸಬ್ಬಸಿಗೆ ಸೊಪ್ಪು. ಸೂಪರ್ ಮಾರ್ಕೆಟ್ಟಿನಲ್ಲಿ ಉಳಿದಿದ್ದ ಕೊನೆಯ ಕಟ್ಟಿಗೆ ಇಬ್ಬರೂ ಒಟ್ಟಿಗೆ ಕೈ ಹಾಕಿದೆವು. ಧಾರವಾಡದವಳಾದ ನನಗೆ ಸಬ್ಬಸಿಗೆಯನ್ನು ಬಿಟ್ಟುಕೊಡುವುದು ಅಷ್ಟು ಸುಲಭವಲ್ಲ. ಅವಳಿಗೂ ಅಲ್ಲವಂತೆ. ಅವರ ಕಡೆ ಕಡುಬಿನೊಳಗೆ ತುಂಬಲು ಇಂಥದ್ದೇ ಪರಿಮಳದ ಸೊಪ್ಪು ಬೇಕು. ಕಡೆಗೆ ಬಿಲ್ಲು ಮಾಡಿಸಿ, ಹೊರಗೆ ಬಂದು, ಕಟ್ಟು ಬಿಚ್ಚಿ ಅರ್ಧರ್ಧ ಹಂಚಿಕೊಂಡೆವು. ಅರ್ಧ ಕಟ್ಟು ಸೊಪ್ಪಿನ ಪರಿಚಯ ಈಗ ನಾಲ್ಕು ವರ್ಷದ ಗೆಳೆತನ. ಮಾತುಕತೆ ಇಂಗ್ಲಿಷಿನಲ್ಲಿ. ಅವಳದು ಆಫೀಸ್ ಇಂಗ್ಲಿಷ್, ನನ್ನದು ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುವ ಮಿಸ್ ಇಂಗ್ಲಿಷ್. ಇಬ್ಬರಿಗೂ ಗ್ರಾಮರಿನ ಚಿಂತೆ ಇಲ್ಲದ್ದರಿಂದ ಮಾತು ಸರಾಗ.

ಅವಳಿಗೊಬ್ಬ ಮಗ. ಎಂಟು ವರ್ಷ. ಮುದ್ದಿನ ಹೆಸರು ನಿಂಗ್ ನಿಂಗ್. ನಮ್ಮ ಯಜಮಾನರು ಅವನ ಫೋಟೊ ನೋಡಿದ ದಿನವೇ “ಏ, ಇಂವ ನಮ್ಮ ನಿಂಗಪ್ಪ ಅಲ್ಲೇನು!” ಎಂದು ನಾಮಕರಣ ಮುಗಿಸಿದರು. ಆದರೆ ನಾಲ್ಕು ವರ್ಷ ಈ ನಿಂಗಪ್ಪನನ್ನು ನಾವು ನೋಡಿದ್ದು ಬರೀ ಫೋನಿನಲ್ಲಿ. ಅವನು ಇರುವುದು ಚೀನಾದಲ್ಲಿ, ಅಪ್ಪನ ಅಮ್ಮನ ಬಳಿ. ಆ ಅಜ್ಜಿಯನ್ನು ಅವರು ಕರೆಯುವುದು ನೈನೈ ಎಂದು.

ಹೆರಿಗೆಗೆ ಫಾಂಗ್ ಊರಿಗೆ ಹೋಗಿದ್ದಳು. ನೈನೈ ಬಾಣಂತನ ಮಾಡಿದರು. ಹೌದು, ಅವರಲ್ಲೂ ಬಾಣಂತನ ಉಂಟು! ಒಂದು ತಿಂಗಳು ಹೊರಗೆ ಕಾಲಿಡುವಂತಿಲ್ಲ, ತಣ್ಣೀರು ಮುಟ್ಟುವಂತಿಲ್ಲ, ಗಾಳಿಗೆ ಒಡ್ಡಿಕೊಳ್ಳುವಂತಿಲ್ಲ, ತಲೆಗೆ ಬಟ್ಟೆ ಕಟ್ಟಬೇಕು. ಇದನ್ನು ಕೇಳಿದಾಗ ನಾನು, ನನ್ನ ಅತ್ತೆ ಕಿವಿಗೆ ತುರುಕಿದ್ದ ಹತ್ತಿಯ ಕಥೆ, ಅಂಟಿನ ಉಂಡೆಯ ಕಥೆ ಹೇಳಿದೆ. ಇಬ್ಬರೂ ಹೊಟ್ಟೆ ಹಿಡಿದು ನಕ್ಕಿದ್ದೇ ನಕ್ಕಿದ್ದು. ಅತ್ತೆಯಂದಿರ ವಿಷಯದಲ್ಲಿ ಗಡಿಗಳು ಅಷ್ಟೇನೂ ಕೆಲಸ ಮಾಡುವುದಿಲ್ಲ.

ಮಗುವಿಗೆ ಹತ್ತು ತಿಂಗಳಾದಾಗ ಅವಳು ಕೆಲಸಕ್ಕೆ ಹೊರಟಳು. ಮಗು ಅಜ್ಜಿಯ ಬಳಿ ಉಳಿಯಿತು. ‘ಎಂಥ ಕಲ್ಲು ಮನಸ್ಸಪ್ಪಾ’ ಎಂದು ಮೂಗು ಮುರಿಯಬೇಡಿ. ಅವಳ ಜೊತೆ ಕೆಲಸ ಮಾಡುವ ಎಷ್ಟೋ ಹೆಂಗಸರ ಕಥೆ ಇದೇ. ಗಂಡ ಹೆಂಡತಿ ಇಬ್ಬರೂ ದುಡಿಯಬೇಕು, ಮಗುವನ್ನು ಅಜ್ಜ ಅಜ್ಜಿ ನೋಡಿಕೊಳ್ಳಬೇಕು. ಗಂಡು ಮಗುವಾದರೆ ಅವನ ಮದುವೆ ಹೊತ್ತಿಗೆ ಅವನ ಹೆಸರಿನಲ್ಲಿ ಒಂದು ಫ್ಲ್ಯಾಟ್ ಇರಬೇಕು, ಇಲ್ಲದಿದ್ದರೆ ಹೆಣ್ಣು ಸಿಗುವುದು ಕಷ್ಟ. ‘ತೊಟ್ಟಿಲು ತರುವ ಮೊದಲೇ ನಮಗೆ ಫ್ಲ್ಯಾಟಿನ ಚಿಂತೆ’ ಎಂದು ಫಾಂಗ್ ಒಮ್ಮೆ ನಗುತ್ತಲೇ ಹೇಳಿದ್ದಳು. ಶಾಲೆಯೂ ಅಲ್ಲೇ ಆದರೆ ಒಳ್ಳೆಯದು, ಮುಂದೆ ಕಾಲೇಜು ಸೇರುವ ದೊಡ್ಡ ಪರೀಕ್ಷೆ ಅವರ ಭಾಷೆಯಲ್ಲೇ ಇರುತ್ತದಲ್ಲ.

ಹಾಗಾಗಿ ವರ್ಷಕ್ಕೊಮ್ಮೆ, ಅವರ ಹೊಸವರ್ಷಕ್ಕೆ, ಎರಡು ವಾರದ ರಜೆ. ಆ ಎರಡು ವಾರವೇ ಅವಳ ತಾಯ್ತನ. ಹುಡುಗ ಸಂಕೋಚ ಬಿಟ್ಟು ಹತ್ತಿರ ಬರುವಷ್ಟರಲ್ಲಿ ಸೂಟ್‌ಕೇಸ್ ಕಟ್ಟುವ ದಿನ ಬಂದುಬಿಡುತ್ತಿತ್ತು.

ಈ ವರ್ಷ ಅವಳು ಗಟ್ಟಿ ಮನಸ್ಸು ಮಾಡಿದಳು. ಬೇಸಿಗೆ ರಜೆಗೆ (ಅವರಿಗೆ ಅದು ಜುಲೈ, ಆಗಸ್ಟ್) ಮಗನನ್ನೇ ಮಸ್ಕತ್‌ಗೆ ಕರೆಸಿಕೊಂಡಳು. ಊರಿಗೆ ಹೋಗಿದ್ದ ಸಹೋದ್ಯೋಗಿಯೊಬ್ಬಳು ಜೊತೆಯಲ್ಲಿ ಕರೆತಂದಳು. ಒಳಗೊಂದು ಗುಟ್ಟಿನ ಆಸೆ ಬೇರೆ. ಹುಡುಗ ಹೊಂದಿಕೊಂಡರೆ ಇಲ್ಲೇ ಇಟ್ಟುಕೊಳ್ಳುವುದು, ಇಲ್ಲೇ ಶಾಲೆಗೆ ಸೇರಿಸುವುದು, ಪರೀಕ್ಷೆಯ ಮಾತು ಮುಂದೆ ನೋಡೋಣ ಎಂದು. ಶಾಲೆಗಳನ್ನೂ ನೋಡಿಕೊಂಡು ಬಂದಿದ್ದಳು. ಅತ್ತೆಗೆ ಹೇಳಿರಲಿಲ್ಲ. ಮಗನಿಗೂ ಹೇಳಿರಲಿಲ್ಲ.

“ನಾನು ಕೇಳುವುದಿಲ್ಲ. ಅವನಾಗಿಯೇ ಒಂದು ಸಲ, ನಾನು ಇಲ್ಲೇ ಇರ್ತೀನಿ ಅಂದರೆ ಸಾಕು” ಎಂದಳು ನನ್ನ ಬಳಿ. ಹೇಳುವಾಗ ಅವಳ ಕಣ್ಣು ಏರ್‌ಪೋರ್ಟಿನಲ್ಲಿ ಕಾಯುವವರ ಕಣ್ಣಿನ ಹಾಗಿತ್ತು.

ನಿಂಗಪ್ಪ ಬಂದ. ಎಂಥ ಹುಡುಗ ಅಂತೀರಿ!

ಶೂ ಬಿಚ್ಚಿ ಗೋಡೆಗೆ ಸಾಲಾಗಿ ಇಡುತ್ತಾನೆ. ಎದ್ದ ಕೂಡಲೇ ತನ್ನ ಹೊದಿಕೆ ತಾನೇ ಮಡಚುತ್ತಾನೆ. ಬಡಿಸಿದ್ದನ್ನು ಅಗುಳು ಬಿಡದೆ ತಿನ್ನುತ್ತಾನೆ. ನನ್ನನ್ನು ಕಂಡರೆ ಎದ್ದು ನಿಂತು ‘ಆಯಿ’ ಎನ್ನುತ್ತಾನೆ. ಅವರ ಭಾಷೆಯಲ್ಲಿ ಅದು ಆಂಟಿ ಎಂಬುದಕ್ಕೆ ಇರುವ ಮಾತು. (ನಮ್ಮ ಧಾರವಾಡದ ಎಷ್ಟೋ ಮನೆಗಳಲ್ಲಿ ತಾಯಿಯನ್ನೇ ಹಾಗೆ ಕರೆಯುತ್ತಾರೆ. ಮೊದಲ ಸಲ ಕೇಳಿದಾಗ ನನ್ನ ಎದೆ ಒಂದು ಕ್ಷಣ ಝಲ್ ಎಂದಿತು. ಅದಿರಲಿ.) ಫ್ರಿಜ್ ತೆರೆಯಬೇಕೆಂದರೆ ತಾಯಿಯನ್ನು ಕೇಳುತ್ತಾನೆ. ನೀರು ಕೊಟ್ಟರೆ, ಹಣ್ಣು ಕೊಟ್ಟರೆ, ಟಿವಿ ಹಾಕಿಕೊಟ್ಟರೆ ‘ಶಿಯೆಶಿಯೆ’ ಎನ್ನುತ್ತಾನೆ. ನೆಂಟರನ್ನು ಕರೆಯುವ ಮಾತು ಬಿಟ್ಟರೆ ಚೀನೀ ಭಾಷೆಯಲ್ಲಿ ನನಗೆ ಗೊತ್ತಿರುವ ಒಂದೇ ಪದ ಅದು. ಥ್ಯಾಂಕ್ಯೂ.

ಇಂಥ ಹುಡುಗನನ್ನು ಕಂಡು ನಾನು ಬೆರಗಾಗದೆ ಇರುವುದು ಹೇಗೆ? ನಾನೂ ಒಬ್ಬ ಗಂಡು ಹುಡುಗನನ್ನು ಸಾಕಿದವಳು. ನಮ್ಮ ಸಮರ್ಥ ಹುಟ್ಟಿ ಬೆಳೆದದ್ದು ಈ ಮಸ್ಕತ್‌ನಲ್ಲೇ. ಅವನು ಫ್ರಿಜ್ಜಿನ ಬಾಗಿಲು ತೆರೆದಿಟ್ಟುಕೊಂಡು, ಒಳಗೆ ಏನೋ ಸಿನಿಮಾ ನಡೆಯುತ್ತಿದೆ ಎಂಬಂತೆ ನಿಲ್ಲುತ್ತಿದ್ದ. ‘ಅಮ್ಮಾ, ತಿನ್ನೋಕೆ ಏನೂ ಇಲ್ಲ’ ಎಂದು ತುಂಬಿದ ಫ್ರಿಜ್ಜಿನ ಎದುರು ಕೂಗುತ್ತಿದ್ದ. ಅವನ ಒಂದು ಸಾಕ್ಸ್ ಯಾವಾಗಲೂ ಸೋಫಾದ ಕೆಳಗೆ. ಅದಕ್ಕೇ ಆ ಸಂಜೆ ಫಾಂಗ್ ಮಗನಿಗೆ ಕಿತ್ತಳೆ ಹಣ್ಣು ಸುಲಿದು, ತೊಳೆಯ ಮೇಲಿನ ನಾರನ್ನೂ ಬಿಡಿಸಿ ಕೊಟ್ಟು, ಅವನು ಎರಡೂ ಕೈಯಲ್ಲಿ ತೆಗೆದುಕೊಂಡು ‘ಶಿಯೆಶಿಯೆ ಮಾಮಾ’ ಎಂದಾಗ, ನಾನು ಮನಸಾರೆ ಹೊಗಳಿದ್ದು. ಅವರಲ್ಲಿ ಮಾಮಾ ಎಂದರೆ ಅಮ್ಮ. ಅಮ್ಮ ಹೋಗಿ ನಲ್ಲಿ ತಿರುಗಿಸಿಕೊಂಡು ನಿಂತದ್ದೂ ಆಗಲೇ.

ಅಡುಗೆಮನೆಯಲ್ಲಿ ಅವಳು ಮುಖ ಒರೆಸಿಕೊಂಡು ಹೇಳಿದಳು, “ನಮ್ಮಲ್ಲಿ ಮನೆಯವರಿಗೆ ಯಾರೂ ಥ್ಯಾಂಕ್ಸ್ ಹೇಳೋದಿಲ್ಲ. ಅಮ್ಮನಿಗಂತೂ ಇಲ್ಲವೇ ಇಲ್ಲ. ಹೊರಗಿನವರಿಗೆ ಹೇಳೋದು. ಅವನು ಟ್ಯಾಕ್ಸಿಯವನಿಗೆ ಹೇಳ್ತಾನೆ, ನಿನಗೆ ಹೇಳ್ತಾನೆ, ನನಗೂ ಹೇಳ್ತಾನೆ. ನೈನೈಗೆ ಹೇಳೋದಿಲ್ಲ. ನೈನೈಗೆ, ಸಾರಿಗೆ ಉಪ್ಪು ಜಾಸ್ತಿ ಆಯ್ತು ಅಂತಾನೆ.”

ಇಷ್ಟು ಸರಳ ವಿಷಯ ಚೀನಾದವಳು ಬಂದು ನನಗೆ ಹೇಳಬೇಕಾಯಿತೆ?

ನಮ್ಮಲ್ಲಿ ಯಾರು ಹೇಳುತ್ತಾರೆ? ‘ಧನ್ಯವಾದ’ ಎಂಬುದು ಮೈಕಿನ ಮುಂದೆ ನಿಂತವರಿಗಾಗಿ ಇರುವ ಪದ. ಕಾರ್ಯಕ್ರಮದ ಕೊನೆಯಲ್ಲಿ, ಜನ ಎದ್ದು ಊಟದ ಕಡೆ ಓಡುತ್ತಿರುವಾಗ, ಪಾಪದವನೊಬ್ಬ ವಂದನಾರ್ಪಣೆ ಮಾಡುತ್ತಾನಲ್ಲ, ಅವನಿಗೆ. ನಾನು ಹುಡುಗಿಯಾಗಿದ್ದಾಗ ನನ್ನ ತಾಯಿ ರೊಟ್ಟಿ ಬಡಿಸಿದ್ದಕ್ಕೆ ‘ಧನ್ಯವಾದಗಳು’ ಎಂದಿದ್ದರೆ, ಆಕೆ ಜ್ವರ ಬಂದಿದೆಯೇನೋ ಎಂದು ನನ್ನ ಹಣೆ ಮುಟ್ಟಿ ನೋಡುತ್ತಿದ್ದರು. ನಾವು ಹೇಳುತ್ತಿದ್ದದ್ದು ‘ಇನ್ನೊಂದು ಹಾಕು’ ಎಂದು. ಅಷ್ಟರಲ್ಲಿ ಎಲ್ಲವೂ ಬರುತ್ತಿತ್ತು.

ನಮ್ಮ ಮಕ್ಕಳಿಗೆ ಮಾತ್ರ ನಾವು ಕಲಿಸಿದೆವು. ‘ಸೇ ಥ್ಯಾಂಕ್ಯೂ ಟು ಆಂಟಿ’. ‘ವಾಟ್ ಡು ಯು ಸೇ?’ ಮ್ಯಾನರ್ಸ್ ಇಲ್ಲದ ಮಗು ಎಂದು ಯಾರಾದರೂ ಅಂದುಬಿಟ್ಟರೆ ಎಂಬ ಹೆದರಿಕೆ. ಮಕ್ಕಳು ಕಲಿತರು. ನಾವು ಬೀಗಿದೆವು.

ಇತ್ತ ಫಾಂಗ್ ಪ್ರಯತ್ನಕ್ಕೆ ಕೊನೆಯಿರಲಿಲ್ಲ. ಸಂಜೆ ಬೇಗ ಬರಲು ಬಾಸ್‌ನ ಕಾಲು ಹಿಡಿದಳು. ಮಗನ ಮೊಬೈಲ್ ಗೇಮ್ ಕಲಿತಳು. ವಾರವಿಡೀ ಕಡುಬು ಬೇಯಿಸಿದಳು. ಬಿಸಿಲು ಇಳಿದ ಮೇಲೆ ಖುರುಮ್ ಬೀಚಿಗೆ ಕರೆದುಕೊಂಡು ಹೋದಳು. ಎಲ್ಲದಕ್ಕೂ ಒಂದೇ ಉತ್ತರ. ಶಿಯೆಶಿಯೆ ಮಾಮಾ.

ಸಂಜೆ ಐದಕ್ಕೆ ನೈನೈ ವಿಡಿಯೊ ಕಾಲ್ ಬರುತ್ತಿತ್ತು. ಅಲ್ಲಿ ಆಗ ಮಲಗುವ ಹೊತ್ತು. ಆಗ ನೋಡಬೇಕಿತ್ತು ನಿಂಗಪ್ಪನನ್ನು! ಸೋಫಾದ ಮೇಲೆ ಕಾಲು ಮೇಲೆ ಮಾಡಿ ಬೀಳುತ್ತಾನೆ. ರಾಗ ಎಳೆಯುತ್ತಾನೆ. ಏನೋ ಬೇಡವೆನ್ನುತ್ತಾನೆ, ಜಗಳಕ್ಕೆ ನಿಲ್ಲುತ್ತಾನೆ, ಅಜ್ಜಿ ಗದರಿದರೆ ಇನ್ನೂ ಜೋರಾಗಿ ಕಿರುಚುತ್ತಾನೆ, ಮರುಕ್ಷಣ ಕಿಲಕಿಲ ನಗುತ್ತಾನೆ. ಫೋನ್ ಇಟ್ಟ ಕೂಡಲೇ ಎದ್ದು ಕುಳಿತು ದಿಂಬು ಸರಿಮಾಡುತ್ತಾನೆ.

ಫಾಂಗ್ ಇದೆಲ್ಲವನ್ನೂ ಅಡುಗೆಮನೆಯಿಂದ ಕೇಳಿಸಿಕೊಳ್ಳುತ್ತಿದ್ದಳು. “ನನಗೆ ಹೊಟ್ಟೆಕಿಚ್ಚು” ಎಂದಳು ಒಂದು ದಿನ, ನೇರವಾಗಿ. “ಅತ್ತೆ ಇಲ್ಲದಿದ್ದರೆ ಅವನು ಏನಾಗುತ್ತಿದ್ದ ಅಂತ ನನಗೆ ಗೊತ್ತು. ಆದರೂ ಹೊಟ್ಟೆಕಿಚ್ಚು. ಅವನು ಅವರ ಹತ್ತಿರ ಎಷ್ಟು ಕೆಟ್ಟದಾಗಿ ಮಾತಾಡ್ತಾನೆ, ಕೇಳಿದೆಯಾ?”

ಕೆಟ್ಟದಾಗಿ ಮಾತಾಡಿಸಿಕೊಳ್ಳಬೇಕೆಂದು ಹಂಬಲಿಸುವ ತಾಯಿಯನ್ನು ನಾನು ಮೊದಲ ಸಲ ನೋಡಿದ್ದು.

ಇದನ್ನು ನಮ್ಮ ಯಜಮಾನರ ಮುಂದೆ ಹೇಳಿಕೊಂಡೆ. ರುಸೈಲ್‌ನ ಕಾರ್ಖಾನೆಯಲ್ಲಿ ದಿನವಿಡೀ ಮಶಿನ್ ರಿಪೇರಿಯ ಮೇಲ್ವಿಚಾರಣೆ ಮಾಡುವವರು; ಎಲ್ಲ ಸಮಸ್ಯೆಗೂ ಎಲ್ಲೋ ಒಂದು ನಟ್ಟು ಸಡಿಲಾಗಿರುತ್ತದೆ ಎಂದು ನಂಬಿದವರು.

“ಹುಡುಗ ಬೀಗರ ಮನಿಗೆ ಬಂದಂಗ ಇದ್ದಾನ” ಎಂದರು. “ಯಾಕಂದ್ರ ಅಕಿನೂ ಅವನ್ನ ಬೀಗರನ್ನ ನೋಡಿಕೊಂಡಂಗ ನೋಡಿಕೊಳ್ಳಿಕತ್ತಾಳ. ಬೀಗರ ಜೋಡಿ ಯಾರರ ಜಗಳಾಡ್ತಾರೇನು? ಮದಲ ಅಕಿ ಒಮ್ಮೆ ಬೈಬೇಕು. ನೀ ನಮ್ಮ ಸಮರ್ಥಗ ಬೈತಿದ್ದೆಲ್ಲ, ಹಂಗ.”

“ಅಂದ್ರ ನಾ ಬರೇ ಬೈಕೋತ ಇದ್ದೆ ಅಂದಂಗಾತು.”

“ನಾ ಎಲ್ಲಿ ಹಂಗಂದೆ? ಟ್ಯಾಲೆಂಟ್ ಅಂದೆ.”

ಮಾತಿನ ಧಾಟಿ ಹೇಗಿದ್ದರೂ ಅದರಲ್ಲಿ ನಿಜ ಇತ್ತು. ಮರುದಿನ ಫಾಂಗ್‌ಗೆ ಹೇಳಿದೆ. ಒಮ್ಮೆ ಬೈದು ನೋಡು ಮಾರಾಯ್ತಿ, ತಾಯಿ ಬೈದರೆ ಮಕ್ಕಳು ಸಾಯುವುದಿಲ್ಲ.

ಅವಳು ತಲೆಯಾಡಿಸಿದಳು. “ನಿನ್ನ ಮಗ ಹದಿನೆಂಟು ವರ್ಷ ನಿನ್ನ ಮನೆಯಲ್ಲಿದ್ದ. ನೀನು ಬೆಳಿಗ್ಗೆ ಬೈದು ಸಂಜೆ ಮುದ್ದು ಮಾಡಬಹುದಿತ್ತು. ನನಗಿರೋದು ಎರಡು ತಿಂಗಳು. ಅದರಲ್ಲಿ ಒಂದು ದಿನ ಬೈದು ಅವನು ಮುನಿಸಿಕೊಂಡರೆ? ಬೈಯೋಕೆ ನನ್ನ ಹತ್ತಿರ ಟೈಮ್ ಎಲ್ಲಿದೆ?”

ನೀವಾದರೆ ಇದಕ್ಕೆ ಏನು ಹೇಳುತ್ತಿದ್ದಿರಿ?

ಆಗಸ್ಟ್ ಬಂತು. ಹುಡುಗನಿಗೆ ದೋಣಿಗಳೆಂದರೆ ಇಷ್ಟ ಎಂದು ಹೇಗೋ ಗೊತ್ತಾಗಿ, ಒಂದು ಶುಕ್ರವಾರ ಕರಾವಳಿಯ ಊರು ಸೂರ್‌ಗೆ ಹೊರಟೆವು. ಅಲ್ಲಿ ಮರದ ಹಡಗು ಕಟ್ಟುವುದನ್ನು ನೋಡಬಹುದು; ನಮ್ಮ ಕಡೆಯ ಗೆಳೆಯರೊಬ್ಬರ ಮನೆಯಲ್ಲಿ ರೊಟ್ಟಿ ಊಟವೂ ಗಟ್ಟಿ. ನಮ್ಮದೇ ಕಾರು. ಮುಂದೆ ನಾವಿಬ್ಬರು, ಹಿಂದೆ ತಾಯಿ ಮಗ. ಹೊರಗೆ ಟಾರು ಮೆತ್ತಗಾಗುವ ಬಿಸಿಲು. ಒಳಗೆ ಫುಲ್ ಏಸಿ.

ಏಸಿ ಎಂದಮೇಲೆ ಸ್ವೆಟರಿನ ವಿಷಯ ಹೇಳಲೇಬೇಕು. ಚೀನೀ ತಾಯಂದಿರಿಗೂ ನಮ್ಮವರಿಗೂ ಒಂದು ವಿಷಯದಲ್ಲಿ ಪೂರ್ತಿ ಒಮ್ಮತ: ಮಗುವಿಗೆ ಚಳಿಯಾಗುತ್ತದೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಮಗುವಲ್ಲ. ನಮ್ಮಮ್ಮ ಏಪ್ರಿಲ್ ತಿಂಗಳಲ್ಲೂ ನನ್ನ ಮಗನಿಗೆ ಕುಂಚಿಗೆ ಕಟ್ಟುತ್ತಿದ್ದರು. ಪಾಪ, ಬೆವರಿ ಬೆಂದು ಕೆಂಪಗಾಗಿ ಅವನು ಅಳುತ್ತಿದ್ದರೆ ‘ನೋಡು, ಥಂಡಿ ಆಗೇದ’ ಎನ್ನುತ್ತಿದ್ದರು. ಫಾಂಗ್ ಎಲ್ಲಿಗೆ ಹೋದರೂ ಬ್ಯಾಗಿನಲ್ಲಿ ಒಂದು ನೀಲಿ ಸ್ವೆಟರ್. ಮಾಲ್‌ಗೆ ಹೋದರೆ ಸ್ವೆಟರ್, ಕಾರಿಗೆ ಹತ್ತಿದರೆ ಸ್ವೆಟರ್. ಹುಡುಗ ಒಂದು ದಿನವೂ ಬೇಡ ಎಂದಿರಲಿಲ್ಲ. ಹಾಕಿಕೊಂಡು, ಶಿಯೆಶಿಯೆ ಎಂದು, ಕಿಟಕಿಯಾಚೆ ನೋಡುತ್ತ ಕುಳಿತುಬಿಡುತ್ತಿದ್ದ.

ಹೋಗುವಾಗಲೂ ಹಾಗೆಯೇ ಹೋದ. ಸೂರ್‌ನಲ್ಲಿ ಅರ್ಧ ಕಟ್ಟಿದ ಹಡಗಿನ ಸುತ್ತ ಓಡಿದ, ಗೆಳೆಯರ ಮನೆಯಲ್ಲಿ ಜೋಳದ ರೊಟ್ಟಿಯನ್ನು ಹಪ್ಪಳದಂತೆ ಮುರಿದು ಮುರಿದು ತಿಂದ. ಎಲ್ಲ ಸರಿಯಿತ್ತು.

ವಾಪಸು ಬರುವಾಗ ಎಲ್ಲರಿಗೂ ದಣಿವು. ಬಲಗಡೆ ಸಮುದ್ರ, ಎಡಗಡೆ ಬೋಳು ಗುಡ್ಡ, ನಮ್ಮ ಯಜಮಾನರ ಹಳೆಯ ಭಾವಗೀತೆಗಳು. ನನಗೆ ಜೊಂಪು. ಹಿಂದಿನಿಂದ ಫಾಂಗ್ ದನಿ ಕೇಳಿಸಿತು, ಮೆಲ್ಲಗೆ. ಹುಡುಗ ಉತ್ತರಿಸಲಿಲ್ಲ. ಮತ್ತೆ ಹೇಳಿದಳು. ಅವನು ಏನೋ ಗೊಣಗಿದ. ಮೂರನೆಯ ಸಲ ಅವಳ ದನಿ ಫಟ್ಟನೆ ಏರಿತು. ಇಡೀ ದಿನದ ಬಿಸಿಲು, ತಲೆನೋವು, ಇಷ್ಟು ದಿನದ ಬಿಗಿತ, ಎಲ್ಲ ಆ ಒಂದು ಮಾತಿನಲ್ಲಿತ್ತು. ಭಾಷೆ ಬಾರದಿದ್ದರೂ ನನಗೆ ಅರ್ಥವಾಯಿತು. ಅದು ಬೈಗುಳ. ತಾಯಿ ಬೈಯುವುದು ಎಲ್ಲ ಭಾಷೆಯಲ್ಲೂ ಒಂದೇ ರಾಗ.

ಆಮೇಲೆ ನಿಂಗಪ್ಪ ಸ್ಫೋಟಿಸಿದ.

ಸ್ವೆಟರ್ ಹಾರಿ ಬಂದು ಗೇರಿನ ಮೇಲೆ ಬಿತ್ತು. ಯಜಮಾನರು “ಏ ಏ ಏ” ಎನ್ನುತ್ತ ಕಾರು ನಿಧಾನ ಮಾಡಿದರು. ಹುಡುಗ ಕಿರುಚುತ್ತಿದ್ದಾನೆ, ಸೀಟಿಗೆ ಒದೆಯುತ್ತಿದ್ದಾನೆ, ಅಳುತ್ತಿದ್ದಾನೆ. ನನಗೆ ಅರ್ಥವಾಗುತ್ತಿದ್ದದ್ದು ಎರಡೇ ಪದ. ನೈನೈ, ಮಾಮಾ. ಮಾಮಾ, ನೈನೈ. ಪೆಟ್ರೋಲ್ ಬಂಕ್ ಕಂಡ ಕೂಡಲೇ ಕಾರು ಒಳಗೆ ತಿರುಗಿತು. ನಿಂತದ್ದೇ ತಡ, ಹುಡುಗ ಬಾಗಿಲನ್ನು ದಢಾರ್ ಎಂದು ಬಡಿದು ಅಂಗಡಿಯ ಕಡೆ ನಡೆದ. ಯಜಮಾನರು “ನಿಂಗಪ್ಪಾ, ಬಿಸಲಾಗ ಎಲ್ಲಿ ಹೊಂಟೀಯೋ” ಎಂದು ಧಾರವಾಡ ಕನ್ನಡದಲ್ಲೇ ಕೂಗುತ್ತ ಹಿಂದೆ ಓಡಿದರು.

ನಾನು ಹೆದರಿ ಹಿಂತಿರುಗಿ ನೋಡಿದೆ. ಎಲ್ಲ ಮುಗಿಯಿತು ಎಂದುಕೊಂಡೆ. ಬೈಯಲು ಹೇಳಿಕೊಟ್ಟವಳು ನಾನೇ ಅಲ್ಲವೆ?

ಫಾಂಗ್ ನಗುತ್ತಿದ್ದಳು. ಕೆನ್ನೆಯ ಮೇಲೆಲ್ಲ ನೀರು, ಬಾಯಿ ತುಂಬ ನಗು. “ಕೇಳಿದೆಯಾ?” ಎಂದು ನನ್ನ ತೋಳು ಹಿಡಿದು ಅಲುಗಾಡಿಸಿದಳು. “ನನಗೆ ಬೈದ! ಎಷ್ಟು ಬೈದ ನೋಡು!”

“ಏನಂದ?”

“ನನಗೆ ಸೆಖೆ, ಸೆಖೆ, ಮೊದಲನೇ ದಿನದಿಂದ ಸೆಖೆ ಅಂದ. ನಿನಗೆ ಏನೂ ಗೊತ್ತಿಲ್ಲ ಅಂದ. ನಾನು ಕಿತ್ತಳೆ ತಿನ್ನೋದೇ ಇಲ್ಲ, ನೈನೈಗೆ ಗೊತ್ತು, ನಿನಗೆ ಗೊತ್ತಿಲ್ಲ ಅಂದ.” ಅವಳ ನಗು ನಿಧಾನಕ್ಕೆ ನಿಂತಿತು. “ಮನೆಯಲ್ಲಿ ಇದ್ದಿದ್ದರೆ ತಾನೇ ನಿನಗೆ ಗೊತ್ತಾಗೋದು ಅಂದ.”

ನಾನು ಅವಳ ಕೈ ಹಿಡಿದುಕೊಂಡೆ. ಹೊರಗೆ ಅಂಗಡಿಯ ಬಾಗಿಲಲ್ಲಿ ನಮ್ಮ ಯಜಮಾನರು ಹುಡುಗನ ಹೆಗಲ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. ಅಲ್ಲಿದ್ದ ಒಮಾನಿ ಹಿರಿಯರೊಬ್ಬರು ಅವನ ಕೈಗೆ ತಣ್ಣಗಿನ ಜ್ಯೂಸ್ ಡಬ್ಬಿ ಕೊಟ್ಟು “ಖಲಾಸ್, ಖಲಾಸ್” ಎಂದು ತಲೆ ಸವರುತ್ತಿದ್ದರು. ಆಯಿತು ಬಿಡು ಮರಿ, ಮುಗಿಯಿತು.

“ಕೊನೆಗೆ ಇನ್ನೊಂದು ಅಂದ” ಎಂದಳು ಫಾಂಗ್. “ನೀನು ಮನೆಗೆ ಬಾ ಅಂದ. ನಾನು ಇಲ್ಲಿ ಇರ್ತೀನಿ ಅನ್ನಲಿಲ್ಲ. ನೀನು ಬಾ ಅಂದ.”

ಅವಳು ಇಷ್ಟು ದಿನ ಕಾಯುತ್ತಿದ್ದದ್ದು ಒಂದು ಮಾತಿಗೆ. ಸಿಕ್ಕಿದ್ದು ಬೇರೆ ಮಾತು. ಅವನಿಗೆ ಮನೆ ಅಲ್ಲಿದೆ, ಇಲ್ಲಿಲ್ಲ. ಆದರೆ ಆ ಮನೆಯಲ್ಲಿ ಅಮ್ಮನಿಗೊಂದು ಜಾಗ ಇದೆ, ಏಳು ವರ್ಷದಿಂದ ಅದು ಖಾಲಿ ಬಿದ್ದಿದೆ, ಅದಕ್ಕಾಗಿ ಅವನಿಗೆ ಸಿಟ್ಟಿದೆ. ಹೊರಗಿನವರ ಮೇಲೆ ಇಷ್ಟು ಸಿಟ್ಟು ಯಾರಿಗೂ ಬರುವುದಿಲ್ಲ.

ಆ ಸಂಜೆಯಿಂದ ನಿಂಗಪ್ಪ ಕೆಟ್ಟ. ಸಂಪೂರ್ಣ ಕೆಟ್ಟ! ಒಂದು ಶೂ ಬಾಗಿಲಲ್ಲಿ, ಇನ್ನೊಂದು ಟಿವಿಯ ಹತ್ತಿರ. ಕಡುಬಿನಲ್ಲಿ ಸೊಪ್ಪು ಜಾಸ್ತಿ ಎಂದು ಮುಖ ಕಿವುಚಿದ. ಕರೆದರೆ ಮೂರು ಸಲಕ್ಕೂ ಓಗೊಡಲಿಲ್ಲ. ಚೆಲ್ಲಾಪಿಲ್ಲಿ ಬಿದ್ದ ಆ ಶೂಗಳ ಫೋಟೊ ತೆಗೆದು ಫಾಂಗ್ ಆಫೀಸಿನಲ್ಲೆಲ್ಲ ತೋರಿಸಿಕೊಂಡು ಬಂದಳು, ಮಗ ಮೆಡಲ್ ಗೆದ್ದವರು ತೋರಿಸುವಂತೆ. ಅವಳ ಒಮಾನಿ ಬಾಸ್‌ಗೆ ಇದರಲ್ಲಿ ನೋಡುವಂಥದ್ದು ಏನೆಂದು ತಿಳಿಯಲೇ ಇಲ್ಲವಂತೆ.

ಶಾಲೆಯ ಮಾತು ಅವಳು ಮತ್ತೆ ಎತ್ತಲಿಲ್ಲ. ನಾನೂ ಕೇಳಲಿಲ್ಲ. ಆಗಸ್ಟ್ ಕೊನೆಗೆ ಅವನು ಹೊರಟ, ಆಫೀಸಿನ ಕೆಲಸಕ್ಕೆ ಮತ್ತೆ ಚೀನಾಕ್ಕೆ ಹೊರಟಿದ್ದ ಅದೇ ಸಹೋದ್ಯೋಗಿಯ ಜೊತೆಗೆ. ಏರ್‌ಪೋರ್ಟಿನಲ್ಲಿ ತಾಯಿ ಮಗ ಅಪ್ಪಿಕೊಂಡು ಗೋಳಾಡುತ್ತಾರೆಂದು ನಾನು ಕರ್ಚೀಫ್ ಹಿಡಿದು ಸಿದ್ಧವಾಗಿದ್ದೆ. ಅಂಥದ್ದೇನೂ ಆಗಲಿಲ್ಲ. ಬ್ಯಾಗಿನಲ್ಲಿ ಖರ್ಜೂರ ತುಂಬಿ ಭಾರ ಮಾಡಿದ್ದೀಯ ಎಂದು ಅವನು ತಾಯಿಯ ಮೇಲೆ ರೇಗಾಡಿದ. ಒಳಗೆ ಹೋಗುವ ಮುನ್ನ ತಿರುಗಿ ನಿಂತು ದೊಡ್ಡ ದನಿಯಲ್ಲಿ ಏನೋ ಆಜ್ಞೆ ಮಾಡಿದ. ಫೋನ್ ಮಾಡಿ, ನೂಡಲ್ಸ್ ಮಾಡಿಡಲು ನೈನೈಗೆ ಹೇಳು ಎಂದನಂತೆ.

ಅವಳು ಅಲ್ಲೇ ನಿಂತು ಅತ್ತೆಗೆ ಫೋನ್ ಮಾಡಿದಳು. ಕಾರಿನಲ್ಲಿ ಕುಳಿತ ಮೇಲೆ ಅತ್ತಳು. ಮನೆ ತಲುಪುವವರೆಗೂ ಅತ್ತಳು. ಇಬ್ಬರೂ ಅತ್ತೆವು ಎಂದರೆ ಸರಿ. ಅವಳು ಯಾಕೆ ಅತ್ತಳೆಂದು ಗೊತ್ತು. ನನಗೆ ಯಾಕೆ ಅಳು ಬಂತೆಂದು ನಾನು ಆಗ ಯೋಚಿಸಲಿಲ್ಲ.

ಈಗ ಅವಳು ಊರಿಗೆ ವರ್ಗ ಕೇಳಿ ಅರ್ಜಿ ಹಾಕಿದ್ದಾಳೆ. ಸಿಗುತ್ತದೋ ಇಲ್ಲವೋ. ಸಿಕ್ಕರೂ ಸಂಬಳ ಕಡಿಮೆ, ಅವನ ಮದುವೆಯ ಫ್ಲ್ಯಾಟು ಇನ್ನಷ್ಟು ದೂರ ಹೋಗುತ್ತದೆ. “ಹೋಗಲಿ, ಹುಡುಗಿಯೇ ಫ್ಲ್ಯಾಟ್ ತರಲಿ” ಎನ್ನುತ್ತಾಳೆ.

ಮೊನ್ನೆ ಸಂಜೆ ಸಬ್ಬಸಿಗೆ ಕೊಡಲು ಹೋಗಿದ್ದೆ. ವಿಡಿಯೊ ಕಾಲ್ ನಡೆಯುತ್ತಿತ್ತು. ಅವಳು ಕಳಿಸಿದ ಹೊಸ ಶೂ ತಲುಪಿತ್ತು. ಪರದೆಯ ಮೇಲೆ ನೈನೈ ಏನೋ ಹೇಳಿದರು, ಹಿಂದೆ ಕುಳಿತು ಬರೆಯುತ್ತಿದ್ದ ನಿಂಗಪ್ಪ ತಲೆ ಎತ್ತದೆ ಏನೋ ಗೊಣಗಿದ. ಫಾಂಗ್ ಫೋನನ್ನು ಎದೆಗೆ ಒತ್ತಿಕೊಂಡು ನನ್ನ ಕಡೆ ತಿರುಗಿದಳು.

“ಅಮ್ಮನಿಗೆ ಥ್ಯಾಂಕ್ಸ್ ಹೇಳು ಅಂದರು ಅತ್ತೆ. ಅದಕ್ಕೆ ಇವನು, ಯಾಕೆ, ಅವಳು ನನ್ನ ಅಮ್ಮ ತಾನೇ ಅಂದ.”

ಆ ಹೊತ್ತಿನಲ್ಲಿ ಅವಳ ಮುಖ ನೋಡಬೇಕಿತ್ತು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಸೊಪ್ಪು ಮೇಜಿನ ಮೇಲಿಟ್ಟು ಬಂದುಬಿಟ್ಟೆ.

ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ. ಯಜಮಾನರು ರುಸೈಲ್‌ನಿಂದ ಇನ್ನೂ ಬಂದಿರಲಿಲ್ಲ. ನಾವು ಗಲ್ಫಿನ ತಾಯಂದಿರಿಗೆ ಇದೊಂದು ಲೆಕ್ಕ ಗೊತ್ತಿರುತ್ತದೆ: ಹನ್ನೆರಡನೆಯ ಕ್ಲಾಸ್ ಮುಗಿದರೆ ಮಗ ಇಂಡಿಯಾದ ಹಾಸ್ಟೆಲಿಗೆ, ಆಮೇಲೆ ಅವನು ಈ ಮನೆಗೆ ಬರುವುದು ವಿಸಿಟ್‌ಗೆ. ಸಮರ್ಥ ಪುಣೆಗೆ ಹೋಗಿ ಎರಡನೆಯ ವರ್ಷ. ಸೋಫಾದ ಕೆಳಗೆ ಗುಡಿಸಿದರೆ ಈಗ ಬರೀ ಧೂಳು. ಕಳೆದ ವಾರ ಪುಣೆಗೆ ಹೋಗುತ್ತಿದ್ದ ಪರಿಚಯದವರ ಕೈಯಲ್ಲಿ ಅವನಿಗೆ ಶೇಂಗಾ ಹೋಳಿಗೆ, ಚಟ್ನಿಪುಡಿ, ಎರಡು ಅಂಗಿ ಕಳಿಸಿದ್ದೆ.

ಫೋನ್ ತೆಗೆದು ನೋಡಿದೆ. ಮೆಸೇಜ್ ಬಂದಿತ್ತು. ‘ಗಾಟ್ ದ ಪಾರ್ಸೆಲ್. ಥ್ಯಾಂಕ್ಯೂ ಸೋ ಮಚ್ ಅಮ್ಮ. ಸಾರಿ ಫಾರ್ ದ ಟ್ರಬಲ್. ಟೇಕ್ ಕೇರ್.’

ಹೋಳಿಗೆ ಮುರಿದಿತ್ತು ಎಂದಿಲ್ಲ. ಅಂಗಿಯ ಬಣ್ಣ ಇಷ್ಟವಾಗಲಿಲ್ಲ ಎಂದಿಲ್ಲ. ಇಷ್ಟೇ ಯಾಕೆ ಕಳಿಸಿದೆ ಎಂದೂ ಇಲ್ಲ.

ನನ್ನ ಮಗ ಯಾವಾಗ ಇಷ್ಟು ಒಳ್ಳೆಯ ಹುಡುಗನಾದ?